ಸಾಲ ಇಲ್ಲ ಅಂದರು, ಯಾಕೆ ಅಂತ ಹೇಳಲಿಲ್ಲ: ನಿಮ್ಮ ಸಿಬಿಲ್ ವರದಿಯನ್ನು ನೀವೇ ಓದುವುದು ಹೇಗೆ?

ಬ್ಯಾಂಕಿನ ಅಧಿಕಾರಿ ಕಂಪ್ಯೂಟರ್ ಪರದೆಯನ್ನು ತಮ್ಮ ಕಡೆಗೆ ಇನ್ನಷ್ಟು ತಿರುಗಿಸಿಕೊಂಡು ನೋಡಿದರು. "ಸಿಬಿಲ್ ಬರ್ತಿಲ್ಲ ಸಾರ್" ಅಂದರು. ಅಷ್ಟೇ.

ಮುಳಬಾಗಿಲು ಕಡೆಯ ನಮ್ಮೂರಿನ ಮನೆ ಮೇಲೆ ಒಂದು ರೂಮು ಕಟ್ಟಿಸಬೇಕಿತ್ತು. 3 ಲಕ್ಷ ಕೇಳೋಣ ಅಂತ ಕೋಲಾರದ ಒಂದು ಶಾಖೆಗೆ ಹೋಗಿದ್ದೆ. ನನ್ನ ಸಂಬಳ ಬರುವುದೂ ಅಲ್ಲಿಗೇ. ನನಗೆ ಗೊತ್ತಿದ್ದಂತೆ ಒಂದು ರೂಪಾಯಿ ಸಾಲವೂ ಬಾಕಿ ಇರಲಿಲ್ಲ. ಹೊರಗೆ ಬಂದು ಟೀ ಕುಡಿಯುತ್ತಾ ಗೆಳೆಯನಿಗೆ ಹೇಳಿದೆ. "ಇನ್ನೊಂದು ಬ್ಯಾಂಕಲ್ಲಿ ಹಾಕಿ ನೋಡು, ಅಲ್ಲೂ ಆಗ್ಲಿಲ್ಲ ಅಂದ್ರೆ ಆ್ಯಪಲ್ಲಿ ತಗೋ" ಅಂದ.

ಎರಡೂ ಕೆಟ್ಟ ಸಲಹೆ. ಆ ಪರದೆಯಲ್ಲಿ ಅಧಿಕಾರಿ ನೋಡಿದ್ದನ್ನು, ಅಂದರೆ ನಿಮ್ಮ ಸಾಲ-ಕಂತುಗಳ ದಾಖಲೆಯನ್ನು, ನೀವೂ ನೋಡಬಹುದು, ದುಡ್ಡು ಕೊಡದೆ. ಎಲ್ಲರೂ ಬಾಯಿಪಾಠ ಮಾಡಿಕೊಂಡಿರುವ ಮೂರಂಕಿಯ ಸ್ಕೋರಿನಲ್ಲಿ ಉತ್ತರ ಸಿಗುವುದು ಕಡಿಮೆ. ಅದರ ಕೆಳಗಿರುವ ಸಾಲುಗಳಲ್ಲಿ ಸಿಗುತ್ತದೆ.

ಮೊದಲು ಕಾರಣ ಕೇಳಿ, ಬರಹದಲ್ಲಿ

ಅರ್ಜಿ ತಿರಸ್ಕರಿಸಿದರೆ ಮುಖ್ಯ ಕಾರಣ ಏನು ಅಂತ ಬ್ಯಾಂಕ್ ಬರಹದಲ್ಲಿ ತಿಳಿಸಬೇಕು ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ಸಾಲ ಚಿಕ್ಕದಿರಲಿ ದೊಡ್ಡದಿರಲಿ, ಕ್ರೆಡಿಟ್ ಕಾರ್ಡ್ ಆದರೂ ಸರಿ. ಕೌಂಟರಿನಲ್ಲಿ ಜಗಳ ಬೇಡ. ಒಂದು ಇಮೇಲ್ ಅಥವಾ ಒಂದು ಹಾಳೆಯ ಪತ್ರ ಸಾಕು: ಇಂಥ ದಿನ ಅರ್ಜಿ ಹಾಕಿದ್ದೆ, ತಿರಸ್ಕಾರಕ್ಕೆ ಕಾರಣ ತಿಳಿಸಿ. ಪ್ರತಿಯ ಮೇಲೆ ಸೀಲ್ ಹಾಕಿಸಿಕೊಳ್ಳಿ.

ಬರುವ ಉತ್ತರ ಬಹಳ ಸಲ ಒಂದೇ ಸಾಲಿನದು, ಅದೂ ಮೊಗಮ್ಮಾಗಿ. ಆದರೂ ಕೇಳಿ. ತೊಂದರೆ ಸಿಬಿಲ್ ಫೈಲಿನಲ್ಲಿದೆಯೋ, ಆದಾಯದಲ್ಲಿದೆಯೋ, ಜಾಗದ ಕಾಗದದಲ್ಲಿದೆಯೋ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ವರದಿ ತರಿಸಿಕೊಳ್ಳಿ

ಸಿಬಿಲ್ ಅಂದರೆ ಸರ್ಕಾರಿ ಕಚೇರಿ ಅಂತ ನಮ್ಮಲ್ಲಿ ಎಷ್ಟೋ ಜನ ತಿಳಿದಿದ್ದಾರೆ. ಅಲ್ಲ. ಅದು 2000ದಲ್ಲಿ ಶುರುವಾದ ಒಂದು ಕಂಪನಿ. ಅದರ ಜೊತೆಗೆ ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಅಂತ ಇನ್ನೂ ಮೂರು ಇವೆ. ನಾಲ್ಕಕ್ಕೂ ರಿಸರ್ವ್ ಬ್ಯಾಂಕಿನ ಪರವಾನಗಿ ಇದೆ. ಯಾವ ಫೋಟೋಕಾಪಿಯಾದರೂ ನಮಗೆ ಜೆರಾಕ್ಸ್ ಆದ ಹಾಗೆ, ನಾಲ್ಕರ ವರದಿಯೂ ನಮ್ಮ ಬಾಯಲ್ಲಿ ಸಿಬಿಲ್ಲೇ. ನಿಮಗೆ ಸಾಲ ಕೊಡಬೇಡಿ ಅಂತ ಇವು ಯಾರಿಗೂ ಹೇಳುವುದಿಲ್ಲ. ಸಾಲ ಕೊಟ್ಟವರು ಕಳಿಸಿದ ಲೆಕ್ಕವನ್ನು ಒಂದು ಕಡೆ ಬರೆದಿಡುತ್ತವೆ, ಅಷ್ಟೇ. ಬೇಡ ಅನ್ನುವುದು ಬ್ಯಾಂಕು.

ಪ್ರತಿಯೊಂದು ಕಂಪನಿಯೂ ವರ್ಷಕ್ಕೆ ಒಂದು ಪೂರ್ತಿ ವರದಿಯನ್ನು ಬಿಟ್ಟಿಯಾಗಿ ಕೊಡಲೇಬೇಕು. ಅಂದರೆ ವರ್ಷಕ್ಕೆ 4. ಅವರದೇ ವೆಬ್‌ಸೈಟಿಗೆ ಹೋಗಿ ಪ್ಯಾನ್ ನಂಬರ್, ಹುಟ್ಟಿದ ದಿನ, ಮೊಬೈಲ್ ನಂಬರ್ ಕೊಟ್ಟರೆ ಒಟಿಪಿ ಬರುತ್ತದೆ. ನಡುವೆ ತಿಂಗಳ ಪ್ಲ್ಯಾನ್, ವರ್ಷದ ಪ್ಲ್ಯಾನ್ ಅಂತ ದುಡ್ಡು ಕೇಳುವ ಪುಟಗಳು ಬರುತ್ತವೆ. ಅವನ್ನು ದಾಟಿಕೊಂಡು ಹೋಗಿ, ಉಚಿತದ್ದು ಸಣ್ಣ ಅಕ್ಷರದಲ್ಲಿ ಎಲ್ಲೋ ಇರುತ್ತದೆ. ಸೈಬರ್ ಸೆಂಟರಿನಲ್ಲಿ ತೆಗೆಸುವುದಾದರೆ ಫೈಲನ್ನು ಅಲ್ಲಿಯ ಕಂಪ್ಯೂಟರಿನಿಂದ ಅಳಿಸಿಸಿ ಬನ್ನಿ. ಅದರಲ್ಲಿ ನಿಮ್ಮ ಜಾತಕವೇ ಇರುತ್ತದೆ.

ನಮ್ಮ ವರದಿಯನ್ನು ನಾವೇ ನೋಡಿದರೆ ಸ್ಕೋರ್ ಇಳಿಯುತ್ತದೆ ಅನ್ನುವುದು ಸುಳ್ಳು. ತಿಂಗಳಿಗೆ ಹತ್ತು ಸಲ ನೋಡಿದರೂ ಏನೂ ಆಗುವುದಿಲ್ಲ.

ಕೊನೆಯ ಪುಟದಿಂದ ಓದಿ

ಸ್ಕೋರ್ 300ರಿಂದ 900ರವರೆಗೆ ಇರುತ್ತದೆ. 750 ದಾಟಿದ್ದರೆ ಚೆನ್ನಾಗಿದೆ ಅನ್ನುವುದು ವಾಡಿಕೆ. ಇಷ್ಟೇ ಇರಬೇಕು ಅಂತ ರಿಸರ್ವ್ ಬ್ಯಾಂಕ್ ಎಲ್ಲೂ ಗೆರೆ ಎಳೆದಿಲ್ಲ. ಆ ಗೆರೆ ಆಯಾ ಬ್ಯಾಂಕಿನದು. ಹಾಗಾಗಿ ಒಂದು ಬಾಗಿಲು ಮುಚ್ಚಿದ ಅಂಕಿಗೆ ಇನ್ನೊಂದು ಬಾಗಿಲು ತೆರೆಯಬಹುದು. ಸ್ಕೋರನ್ನು ಅಲ್ಲಿಗೆ ಬಿಡಿ.

ವರದಿಯ ಕೊನೆಗೆ ವಿಚಾರಣೆಗಳ ಪಟ್ಟಿ ಇರುತ್ತದೆ. ನೀವು ಅರ್ಜಿ ಹಾಕಿದಾಗಲೆಲ್ಲ ಸಾಲ ಕೊಡುವವರು ನಿಮ್ಮ ಫೈಲ್ ತೆಗೆಸಿ ನೋಡುತ್ತಾರೆ. ಯಾರು, ಯಾವತ್ತು, ಎಷ್ಟು ಸಾಲಕ್ಕೆ ಅಂತ ಅಲ್ಲಿ ಬರೆದುಕೊಳ್ಳುತ್ತದೆ. ತಿಂಗಳೊಳಗೆ ಐದು ಕಡೆ ಕೇಳಿದ್ದರೆ ಆರನೆಯವರಿಗೆ ಅದು ಕಾಣುತ್ತದೆ. "ಇವನಿಗೆ ಎಲ್ಲೂ ಸಾಲ ಹುಟ್ಟಿಲ್ಲ" ಅಂದುಕೊಳ್ಳುತ್ತಾರೆ. ಗೆಳೆಯನ ಸಲಹೆ ಕೆಟ್ಟದ್ದು ಅಂದದ್ದು ಇದಕ್ಕೇ. ನನ್ನ ಪಟ್ಟಿಯಲ್ಲಿ ನಾನು ಹೆಸರೇ ಕೇಳದ ಎರಡು ಕಂಪನಿ ಇದ್ದವು. ಆಮೇಲೆ ನೆನಪಾಯಿತು, ಒಂದು ರಾತ್ರಿ ಸುಮ್ನೆ ಕೂತಿದ್ದಾಗ 'ನಿಮಗೆ ಎಷ್ಟು ಸಾಲ ಸಿಗುತ್ತೆ ನೋಡಿ' ಅನ್ನುವ ಜಾಹೀರಾತು ಒತ್ತಿದ್ದೆ.

ಈಗ ನಡುವಿನ ಪುಟಗಳು. ಇಲ್ಲಿ ನಿಧಾನ ಮಾಡಿ. ಪ್ರತಿ ಸಾಲಕ್ಕೂ ಒಂದೊಂದು ಚೌಕ ಇರುತ್ತದೆ: ಎಂಥ ಸಾಲ, ಯಾವತ್ತು ಶುರು, ಎಷ್ಟು ಮಂಜೂರು, ಎಷ್ಟು ಬಾಕಿ, ಯಾವತ್ತು ಮುಗಿಯಿತು. ಅದರ ಕೆಳಗೆ 36 ತಿಂಗಳ ಸಣ್ಣ ಸಣ್ಣ ಮನೆಗಳು. ಇದನ್ನು ಡಿಪಿಡಿ ಅನ್ನುತ್ತಾರೆ, ಕಂತು ಎಷ್ಟು ದಿನ ತಡವಾಯಿತು ಅನ್ನುವ ಲೆಕ್ಕ. ಮೂರು ಸೊನ್ನೆ ಇದ್ದರೆ ಆ ತಿಂಗಳು ಸರಿಯಾಗಿ ಕಟ್ಟಿದ್ದೀರಿ. 30 ಇದ್ದರೆ ತಿಂಗಳು ತಡ. ಇಂಗ್ಲಿಷಿನ ಎಕ್ಸ್ ಮೂರು ಸಲ ಇದ್ದರೆ ಆ ತಿಂಗಳ ಮಾಹಿತಿಯನ್ನು ಬ್ಯಾಂಕು ಕಳಿಸಿಲ್ಲ. 90 ದಾಟಿದರೆ ಸಾಲ ಎನ್‌ಪಿಎ, ಅಂದರೆ ಕೆಟ್ಟ ಸಾಲ, ಆಗುತ್ತದೆ. ಬೆಳೆ ಸಾಲಕ್ಕೆ ಮಾತ್ರ ಲೆಕ್ಕ ಬೇರೆ, ಅದು ಬೆಳೆಯ ಹಂಗಾಮಿನ ಮೇಲೆ ಹೋಗುತ್ತದೆ.

ನನ್ನ ಕಳ್ಳ ಸಿಕ್ಕಿದ್ದು ಇಲ್ಲೇ. ಹಿಂದೆ ಕಂತಿನ ಮೇಲೆ ಒಂದು ಮೊಬೈಲ್ ತಗೊಂಡಿದ್ದೆ. ಕೊನೆಯ ಕಂತಿನ ಹೊತ್ತಿಗೆ ಸಂಬಳದ ಖಾತೆ ಬದಲಾಗಿತ್ತು. ಹಳೇ ಖಾತೆಯಲ್ಲಿ ದುಡ್ಡಿಲ್ಲದೆ ಕಂತು ಬೌನ್ಸ್ ಆಯಿತು. ನಾನು ಕಂತನ್ನು ನಗದಾಗಿ ಕಟ್ಟಿ ರಸೀದಿ ತಗೊಂಡು ಮರೆತುಬಿಟ್ಟೆ. ಬೌನ್ಸ್ ಆದದ್ದಕ್ಕೆ 300 ರೂಪಾಯಿ ದಂಡ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 54. ಈ 354 ರೂಪಾಯಿ ಬಾಕಿ ಅಂತ ಕೂತಿತ್ತು. ಮನೆಯಿಂದ ಮನೆಗೆ 30, 60, 90 ಅಂತ ಏರುತ್ತಾ ಹೋಗಿತ್ತು. 354 ರೂಪಾಯಿ ಆದರೇನು, 3 ಲಕ್ಷ ಆದರೇನು, ಆ ಮನೆಗಳಲ್ಲಿ ಕಾಣುವುದು ದಿನಗಳ ಲೆಕ್ಕ ಮಾತ್ರ.

ನಮ್ಮ ಕಡೆ ಹೆಚ್ಚು ಸಿಕ್ಕಿಬೀಳುವ ಜಾಗಗಳು

ಜಾಮೀನು. ಭಾವಮೈದನ ಟ್ರ್ಯಾಕ್ಟರಿಗೆ ಸಹಿ ಹಾಕಿರುತ್ತೀರಿ. ಆ ಸಾಲ ನಿಮ್ಮ ವರದಿಯಲ್ಲೂ ಇರುತ್ತದೆ, ಜಾಮೀನುದಾರ ಅನ್ನುವ ಗುರುತಿನೊಂದಿಗೆ. ಅವನು ಕಂತು ತಪ್ಪಿಸಿದರೆ ಕಲೆ ಇಬ್ಬರಿಗೂ. ಹಬ್ಬಕ್ಕೆ ಬಂದಾಗ ಕೇಳಲು ಮುಜುಗರ ಆಗುತ್ತದೆ ನಿಜ. ವರದಿಗೆ ಮುಜುಗರ ಇಲ್ಲ, ಅದರಲ್ಲೇ ನೋಡಿಕೊಳ್ಳಿ.

ಸೆಟ್ಲ್‌ಮೆಂಟ್. 80 ಸಾವಿರ ಬಾಕಿಗೆ 35 ಸಾವಿರ ಕಟ್ಟಿ ಮುಗಿಸಿದೆ ಅಂತ ಖುಷಿಪಡುತ್ತೇವೆ. ವರದಿಯಲ್ಲಿ ಅದು 'ಕ್ಲೋಸ್ಡ್' ಆಗುವುದಿಲ್ಲ, 'ಸೆಟಲ್ಡ್' ಆಗುತ್ತದೆ. ಮುಂದಿನವರು ಅದನ್ನು ಪೂರ್ತಿ ಕೊಡಲಿಲ್ಲ ಎಂದೇ ಓದುತ್ತಾರೆ. 'ರಿಟನ್ ಆಫ್', ಅಂದರೆ ಇನ್ನು ಬರುವುದಿಲ್ಲ ಅಂತ ಬ್ಯಾಂಕು ಲೆಕ್ಕದಿಂದ ತೆಗೆದದ್ದು, ಇನ್ನೂ ಕೆಟ್ಟದ್ದು. ಏಳು ವರ್ಷ ಆದರೆ ತಾನೇ ಅಳಿಸಿಹೋಗುತ್ತದೆ ಅನ್ನುವವರಿದ್ದಾರೆ. ಕನಿಷ್ಠ ಏಳು ವರ್ಷ ಇಟ್ಟುಕೊಂಡಿರಬೇಕು ಅನ್ನುವುದು ನಿಯಮ, ಅಷ್ಟಕ್ಕೇ ಅಳಿಸಬೇಕು ಅಂತಲ್ಲ.

ಸಂಘದ ಸಾಲ. ಕೋಲಾರ ಜಿಲ್ಲೆಗೆ ಮೈಕ್ರೋಫೈನಾನ್ಸ್ ಹೊಸದಲ್ಲ. 2009ರಲ್ಲೇ ಇಲ್ಲಿನ ಮರುಪಾವತಿ ಗಲಾಟೆ ದೇಶಕ್ಕೆಲ್ಲ ಸುದ್ದಿಯಾಗಿತ್ತು. ವಾರದ ಕಂತು, ಗುಂಪಿನ ಸಾಲ ಎಲ್ಲೂ ದಾಖಲಾಗುವುದಿಲ್ಲ ಅಂತ ಹೆಂಗಸರು ಈಗಲೂ ನಂಬಿದ್ದಾರೆ. ದಾಖಲಾಗುತ್ತದೆ. ಇನ್ನೊಂದು ವಿಷಯ ಇದೆ, ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. 2022ರಿಂದ ಈ ಸಾಲಕ್ಕೆ ಇಡೀ ಮನೆಯ ಲೆಕ್ಕ ನೋಡಬೇಕು. ಮನೆ ಅಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ವರ್ಷದ ಆದಾಯ 3 ಲಕ್ಷದೊಳಗೆ ಇರಬೇಕು. ಮನೆಯ ಎಲ್ಲ ಸಾಲದ ಕಂತೂ ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು.

ಲೆಕ್ಕ ಹಾಕಿ ನೋಡಿ. ಮನೆಗೆ ತಿಂಗಳಿಗೆ 20 ಸಾವಿರ ಬರುತ್ತದೆ ಅಂತಿಟ್ಟುಕೊಳ್ಳಿ. ಅರ್ಧ ಅಂದರೆ 10 ಸಾವಿರ. ಗಂಡನ ಬೈಕಿಗೆ 3,200, ಹೆಂಡತಿಯ ಎರಡು ಸಂಘಕ್ಕೆ 2,400 ಮತ್ತು 2,100. ಒಟ್ಟು 7,700 ಆಗಲೇ ಹೋಯಿತು. ಉಳಿದದ್ದು 2,300. ಹೊಸ ಸಾಲದ ಕಂತು 2,700 ಆದರೆ ಕೊಡುವ ಹಾಗಿಲ್ಲ. ಆಕೆ ಒಂದು ದಿನವೂ ಕಂತು ತಪ್ಪಿಸಿಲ್ಲ. "ನಾನು ಸರಿಯಾಗೇ ಕಟ್ಟಿದ್ದೀನಲ್ಲ, ಯಾಕೆ ಕೊಡಲ್ಲ?" ಅಂತ ಕೇಳಿದರೆ ಕಾರಣ ಗಂಡನ ಬೈಕು!

ಚಿನ್ನದ ಸಾಲವೂ ವರದಿಗೆ ಬರುತ್ತದೆ. ಒಡವೆ ಅವರ ಹತ್ತಿರವೇ ಇದೆಯಲ್ಲ ಅಂತ ಬಡ್ಡಿ ಕಟ್ಟದೆ ಬಿಡಬೇಡಿ.

ಇನ್ನು ಹೆಸರು. ನಮ್ಮ ಕಡೆ ಒಂದೊಂದು ಊರಿನಲ್ಲೂ ನಾಲ್ಕು ಜನ ನಾರಾಯಣಸ್ವಾಮಿ, ಆರು ಜನ ವೆಂಕಟೇಶ್. ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ, ಪ್ಯಾನ್‌ನಲ್ಲಿ ಮುಂದೆ. ಬೇರೆಯವರ ಸಾಲ ನಿಮ್ಮ ಫೈಲಿಗೆ ಬಂದು ಕೂತಿದೆಯಾ ಅಂತ ಒಂದೊಂದೇ ಚೌಕ ನೋಡಿ.

ಫೈಲು ಚೆನ್ನಾಗಿದ್ದೂ ಸಾಲ ಸಿಗದಿದ್ದರೆ

ಆಗ ಕಾರಣ ವರದಿಯ ಹೊರಗಿದೆ. ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಲ್ಲಿ ಗುತ್ತಿಗೆ ಮೇಲಿರುವ ಹುಡುಗರು ವರ್ಷಕ್ಕೊಂದು ಕಂಪನಿ ಬದಲಿಸುತ್ತಾರೆ. ಬ್ಯಾಂಕಿಗೆ ಅದು ಹಿಡಿಸುವುದಿಲ್ಲ. ರೈತರದ್ದು ಬೇರೆ ಪಾಡು. 2023ರ ಜುಲೈನಲ್ಲಿ ಕೋಲಾರದ ಮಾರ್ಕೆಟ್ಟಿನಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ಅದು ಪ್ರತಿ ತಿಂಗಳು ಬರುವ ದುಡ್ಡಲ್ಲ ಅಂತ ಬ್ಯಾಂಕಿಗೂ ಗೊತ್ತು. ಮೇಲಾಗಿ ಮಂಡಿಯಲ್ಲಿ ಕೊಟ್ಟ ಚೀಟಿ ಅಂಗಿ ಜೇಬಿನಲ್ಲೇ ಬೆವರಿಗೆ ಅಳಿಸಿಹೋಗಿರುತ್ತದೆ.

ಹಾಲಿನ ಬಟವಾಡೆ ಹಾಗಲ್ಲ. ದುಡ್ಡು ಚಿಕ್ಕದಾದರೂ ಖಾತೆಗೆ ಬೀಳುತ್ತಲೇ ಇರುತ್ತದೆ. ಎರಡು ಹಸು ಇರುವ ಮನೆಯವರು ಆ ಪಾಸ್‌ಬುಕ್ಕಿನ ಒಂದು ವರ್ಷದ ಪುಟಗಳನ್ನು ಅರ್ಜಿಗೆ ಲಗತ್ತಿಸಿ. ನನ್ನ ಪ್ರಕಾರ ಒಂದು ಸಲ ಬಂದ ಟೊಮೆಟೊ ಲಕ್ಷಕ್ಕಿಂತ ಬ್ಯಾಂಕಿನ ಮುಂದೆ ಇದಕ್ಕೇ ತೂಕ ಜಾಸ್ತಿ.

ಸಾಲವನ್ನೇ ಮಾಡದವರಿಗೆ ಸ್ಕೋರೇ ಇರುವುದಿಲ್ಲ. ಮೊದಲ ಸಲ ಸಾಲ ಕೇಳುವವರನ್ನು ಹಿಂದಿನ ದಾಖಲೆ ಇಲ್ಲ ಎಂಬ ಒಂದೇ ಕಾರಣಕ್ಕೆ ತಿರಸ್ಕರಿಸಬಾರದು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಅರ್ಜಿಯ ಜೊತೆಗೆ ಇದನ್ನು ಧೈರ್ಯವಾಗಿ ನೆನಪಿಸಿ.

ತಪ್ಪಿದ್ದರೆ ತಿದ್ದಿಸುವುದು

ವರದಿಯ ಮೇಲೆ ಒಂದು ನಂಬರ್ ಇರುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ. ಅದೇ ಕಂಪನಿಯ ವೆಬ್‌ಸೈಟಿನಲ್ಲಿ 'ಡಿಸ್‌ಪ್ಯೂಟ್' ಅಂತ ಇರುವಲ್ಲಿ ಯಾವ ಸಾಲ, ಅದರ ಯಾವ ವಿವರದಲ್ಲಿ ತಪ್ಪು ಅಂತ ತುಂಬಿ. ಇದಕ್ಕೆ ಶುಲ್ಕ ಇಲ್ಲ. ಆ ಕಂಪನಿ ತಾನೇ ತಿದ್ದುವ ಹಾಗಿಲ್ಲ, ಸಾಲ ಕೊಟ್ಟವರನ್ನು ಕೇಳಬೇಕು. ಅವರಿಗೆ 21 ದಿನ ಗಡುವು. ಒಟ್ಟು 30 ದಿನದಲ್ಲಿ ಬಗೆಹರಿಯದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಬರಬೇಕು. ಸಾಲ ಕೊಟ್ಟವರಿಗೂ ಒಂದು ದೂರು ಕಳಿಸಿ, ರಸೀದಿಯ ಫೋಟೋ ಸಮೇತ. 30 ದಿನ ಕಳೆದರೂ ಕೆಲಸ ಆಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್, ಅಂದರೆ ದೂರು ವಿಚಾರಿಸುವ ಅಧಿಕಾರಿ, ಇದ್ದಾರೆ. 2022ರಿಂದ ಸಿಬಿಲ್‌ನಂಥ ಕಂಪನಿಗಳ ಮೇಲೂ ಅಲ್ಲಿಗೆ ದೂರು ಕೊಡಬಹುದು. ಹೇಗೆ ಅಂತ ಕೇಳಲು 14448ಕ್ಕೆ ಫೋನ್ ಮಾಡಿ.

'ಸಿಬಿಲ್ ಸರಿ ಮಾಡಿಕೊಡುತ್ತೇವೆ, 5 ಸಾವಿರ' ಅನ್ನುವವರ ಹತ್ತಿರ ಹೋಗಬೇಡಿ. ತಪ್ಪಿದ್ದರೆ ನೀವೇ ಬಿಟ್ಟಿ ತಿದ್ದಿಸಬಹುದು. ನಿಜ ಇದ್ದರೆ ಅವರಪ್ಪನ ಕೈಲೂ ಅಳಿಸಲು ಆಗದು.

ನನ್ನದು ಪೂರ್ತಿ ತಪ್ಪೂ ಅಲ್ಲ, ಪೂರ್ತಿ ನಿಜವೂ ಅಲ್ಲ. 354 ಕಟ್ಟಿದೆ. ಬಾಕಿ ಇಲ್ಲ ಅನ್ನುವ ನೋ ಡ್ಯೂ ಪತ್ರ ಕೇಳಿ ತಗೊಂಡೆ. ಆಮೇಲೂ ಖಾತೆ ತೆರೆದೇ ಇತ್ತು, ಡಿಸ್‌ಪ್ಯೂಟ್ ಹಾಕಿದೆ, 26ನೇ ದಿನ 'ಕ್ಲೋಸ್ಡ್' ಅಂತ ಬಂತು. ಹಳೇ ತಿಂಗಳುಗಳ ಮನೆಯಲ್ಲಿ ಆ ಅಂಕಿಗಳು ಹಾಗೇ ಉಳಿದವು. ಅವು ಉಳಿಯುತ್ತವೆ.

ಮತ್ತೆ ಯಾವಾಗ ಹೋಗುವುದು?

ಬ್ಯಾಂಕುಗಳು ಕನಿಷ್ಠ 15 ದಿನಕ್ಕೊಮ್ಮೆ ಮಾಹಿತಿ ಕಳಿಸಬೇಕು ಅನ್ನುವ ನಿಯಮ 2025ರ ಜನವರಿಯಲ್ಲಿ ಜಾರಿಗೆ ಬಂತು. ಮೊದಲಿನ ಹಾಗೆ ತಿಂಗಳುಗಟ್ಟಲೆ ಕಾಯಬೇಕಿಲ್ಲ. ಆದರೂ ತಿದ್ದುಪಡಿ ಆದ ಮಾರನೇ ದಿನವೇ ಓಡಬೇಡಿ. ಹೊಸ ವರದಿ ತೆಗೆದು ಕಣ್ಣಾರೆ ನೋಡಿ. ಕ್ರೆಡಿಟ್ ಕಾರ್ಡ್ ಇದ್ದರೆ ಮಿತಿಯ 30 ಪರ್ಸೆಂಟಿಗಿಂತ ಜಾಸ್ತಿ ಉಜ್ಜಬೇಡಿ. ಕೆಲವು ತಿಂಗಳು ಸೊನ್ನೆಗಳು ತುಂಬಲಿ. ಆಮೇಲೆ ಒಂದೇ ಕಡೆ ಅರ್ಜಿ ಹಾಕಿ.

ನಾನು ಏಳು ತಿಂಗಳು ಬಿಟ್ಟು ಅದೇ ಶಾಖೆಗೆ ಹೋದೆ. ವರದಿಯ ಪ್ರಿಂಟ್, ನೋ ಡ್ಯೂ ಪತ್ರ ಎಲ್ಲ ಫೈಲಿನಲ್ಲಿ ಜೋಡಿಸಿಕೊಂಡಿದ್ದೆ. ಅಧಿಕಾರಿ ಅದನ್ನು ಮುಟ್ಟಲೂ ಇಲ್ಲ. ತಮ್ಮ ಪರದೆಯನ್ನೇ ನೋಡಿ "ಸಿಬಿಲ್ ಓಕೆ" ಅಂದರು. ಆಮೇಲೆ ಮನೆಯ ಆಸ್ತಿ ದಾಖಲೆಯಾದ ಇ-ಸ್ವತ್ತಿನ ಹಾಳೆ ಎತ್ತಿ ಹಿಡಿದರು. "ಇದರಲ್ಲಿ ನಿಮ್ಮ ತಂದೆಯವರ ಇನಿಷಿಯಲ್ ಬೇರೆ ಇದೆಯಲ್ಲ ಸಾರ್?"