ಹದಿನೈದು ಕಿಲೋದೊಳಗೆ ಸೈಕಲ್: ಧಾರಾವಿಯಲ್ಲಿ ಹೊಲಿಸಿದ ಚೀಲ

ಪೆಟ್ಟಿಗೆಯದೇ ಹನ್ನೆರಡು ಕಿಲೋ, ಒಳಗೆ ಕೂರುವ ಸೈಕಲ್ ಹತ್ತೂವರೆ. ಹೀಗಿದ್ದೂ ವಿಮಾನಕ್ಕೆ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯೇ ಆಗಬೇಕು ಎಂದು ನಮ್ಮ ಡೊಂಬಿವಲಿ ಸೈಕಲ್ ಗುಂಪಿನಲ್ಲಿ ಇವತ್ತಿಗೂ ವಾದ ಮಾಡುವವರಿದ್ದಾರೆ. ದೇಶದೊಳಗಿನ ಸಾದಾ ಟಿಕೆಟ್‌ಗೆ ಸಿಗುವುದು 15 ಕಿಲೋ ಲಗೇಜ್. ಮೇಲಿನದಕ್ಕೆ ಕೌಂಟರಿನಲ್ಲಿ ಕಿಲೋ ಲೆಕ್ಕದಲ್ಲಿ ದುಡ್ಡು ಕೀಳುತ್ತಾರೆ. ಹೋಗಿ ಬರುವಷ್ಟರಲ್ಲಿ ಸಾವಿರಗಟ್ಟಲೆ ಕೈಬಿಡುತ್ತದೆ, ಅದೂ ಸೈಕಲ್‌ಗಲ್ಲ, ಪೆಟ್ಟಿಗೆಯ ತೂಕಕ್ಕೆ. ನಾನು ಈಗ ಬಳಸುವ ಚೀಲ ಒಳಗಿನ ಹಲಗೆ, ಸ್ಪಂಜು ಎಲ್ಲ ಸೇರಿ ಮೂರೂವರೆ ಕಿಲೋ. ಲೇಹ್, ಗುವಾಹಾಟಿ, ಮಂಗಳೂರು ಎಲ್ಲ ಕಡೆ ಹೋಗಿಬಂದಿದೆ. ಫ್ರೇಮಿಗೆ ಒಂದು ಗೀರು ಬಿದ್ದಿಲ್ಲ. "ಬಟ್ಟೆ ಚೀಲದಾಗ ಸೈಕಲ್ ಹಾಕಿ ಕಳಸ್ತೀಯಾ? ಪೀಸ್ ಪೀಸ್ ಆಗಿ ಬರ್ತದ" ಎಂದಿದ್ದ ಹಿರಿಯರೊಬ್ಬರು ಕಳೆದ ಚಳಿಗಾಲದಲ್ಲಿ ಅದನ್ನೇ ನನ್ನಿಂದ ಎರವಲು ಒಯ್ದರು.

ಇಲ್ಲಿಗೆ ಬರುವ ಮುಂಚೆ ಸುರಿದ ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ.

ಮೊದಲು ಬಾಡಿಗೆ ಪೆಟ್ಟಿಗೆ. ವಾರಕ್ಕೆ ಎರಡೂವರೆ ಸಾವಿರ, ಮೇಲೆ ಹತ್ತು ಸಾವಿರ ಡಿಪಾಸಿಟ್. ವಿಮಾನದಲ್ಲಿ ಅದಕ್ಕೆ ಏನೂ ಆಗಲಿಲ್ಲ, ಆಗುವಂಥದ್ದೂ ಅಲ್ಲ. ತೊಂದರೆ ಎಲ್ಲ ಮುಂಬೈ ರಸ್ತೆಯಲ್ಲಿ. ಕಾಲಿ-ಪೀಲಿ ಟ್ಯಾಕ್ಸಿಯ ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಕೂತಿರುತ್ತದೆ, ಹಾಗಾಗಿ ಕ್ಯಾರಿಯರ್ ಮೇಲೇರಿಸಿ ಹಗ್ಗ ಬಿಗಿಯಬೇಕು. ಪೆಟ್ಟಿಗೆಯ ನುಣುಪು ಮೈಗೆ ಹಗ್ಗ ನಿಲ್ಲುವುದಿಲ್ಲ. ಐರೋಲಿ ಸೇತುವೆ ಮೇಲೆ ಕಿಟಕಿಯಿಂದ ಒಂದು ಕೈ ಹೊರಗೆ ಚಾಚಿ ಹಗ್ಗ ಹಿಡಿದುಕೊಂಡೇ ಹೋಗಿದ್ದೇನೆ. ಊರು ತಲುಪಿದ ಮೇಲೆ ಖಾಲಿ ಪೆಟ್ಟಿಗೆ ಎಲ್ಲಿಡುವುದು ಎನ್ನುವುದು ಇನ್ನೊಂದು ತಲೆನೋವು. ಮಂಗಳೂರಲ್ಲಿ ಇಳಿದು ಚಾರ್ಮಾಡಿ ಹತ್ತಿ, ಹಾಗೇ ಬೆಂಗಳೂರಿಗೆ ಹೋಗಿ ಅಲ್ಲಿಂದ ವಾಪಸ್ ಹಾರುವವನಿಗೆ ಅದು ಶನಿ.

ಆಮೇಲೆ ಚಕ್ರವಿರುವ ಫಾರಿನ್ ಮೆತ್ತನೆ ಚೀಲ, ಸೆಕೆಂಡ್‌ಹ್ಯಾಂಡ್, ಹದಿನೆಂಟು ಸಾವಿರಕ್ಕೆ. ತೂಕ ಎಂಟೂವರೆ ಕಿಲೋ. ಡಿರೇಲರ್ (ಹಿಂದಿನ ಚಕ್ರದ ಬಳಿ ಗೇರು ಬದಲಿಸುವ ಭಾಗ) ಬಿಚ್ಚುವ ಅಗತ್ಯವಿಲ್ಲ ಎಂದು ಅದರ ಸೂಚನೆಯಲ್ಲೇ ಅಚ್ಚಾಗಿತ್ತು. ಗುವಾಹಾಟಿಯಲ್ಲಿ ತೆರೆದು ನೋಡಿದರೆ ಅದನ್ನು ಫ್ರೇಮಿಗೆ ಹಿಡಿಸುವ ಹ್ಯಾಂಗರ್ ಒಳಕ್ಕೆ ಬಾಗಿ, ಕೆಳ ಗೇರಿಗೆ ಹಾಕಿದರೆ ಡಿರೇಲರ್ ಚಕ್ರದ ಕಡ್ಡಿಗೆ ತಾಗುತ್ತಿತ್ತು. ಆ ಹ್ಯಾಂಗರ್ ಅಲ್ಲಿ ಯಾವ ಅಂಗಡಿಯಲ್ಲೂ ಇರಲಿಲ್ಲ. ಶಿಲಾಂಗ್ ಏರನ್ನು ಸಣ್ಣ ಗೇರಿಲ್ಲದೆ ಹತ್ತಿದೆ, ಮೊಣಕಾಲು ತಿಂಗಳುಗಟ್ಟಲೆ ಬಡ್ಡಿ ಕಟ್ಟಿತು. ಅಲ್ಯೂಮಿನಿಯಂ ಹ್ಯಾಂಗರ್ ಇರುವುದೇ ಫ್ರೇಮಿನ ಬದಲು ತಾನು ಬಾಗುವುದಕ್ಕೆ, ನಿಜ. ಆದರೆ 5 ಎಂಎಂ ಅಲೆನ್ ಕೀಯಲ್ಲಿ ಡಿರೇಲರ್ ಬಿಚ್ಚಿ, ಹಳೆ ಕಾಲುಚೀಲದಲ್ಲಿ ಸುತ್ತಿ ಚೈನ್‌ಸ್ಟೇಗೆ (ಚೈನ್ ಪಕ್ಕದ ಫ್ರೇಮಿನ ಕೊಳವೆ) ಕಟ್ಟುವುದು ಎರಡು ನಿಮಿಷದ ಕೆಲಸ. ಯಾವ ಚೀಲದ ಸೂಚನೆ ಏನೇ ಹೇಳಲಿ, ಬಿಚ್ಚಿ. ಚೀಲವನ್ನು ಹದಿಮೂರಕ್ಕೆ ಮಾರಿದೆ.

ಮೂರನೆಯದು ಎಲ್ಲರೂ ಮಾಡುವುದೇ: ಅಂಗಡಿಯ ರಟ್ಟಿನ ಡಬ್ಬಾ. ಬಿಟ್ಟಿ, ಹೆಚ್ಚೆಂದರೆ ನೂರು ರೂಪಾಯಿ. ಡಿಸೆಂಬರಿನಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ. ಜುಲೈಯಲ್ಲಿ? ಇಲ್ಲಿ ಹತ್ತಿಸುವಾಗ ಮಳೆ, ಬಜ್ಪೆಯಲ್ಲಿ ಇಳಿಸುವಾಗ ಇನ್ನೂ ದೊಡ್ಡ ಮಳೆ. ಬೆಲ್ಟಿನ ಮೇಲೆ ಬಂದದ್ದು ಕಂದು ಬಣ್ಣದ ಮುದ್ದೆ. ಮುಂದಿನ ಚಕ್ರ ಹಿಡಿಯುವ ಫೋರ್ಕಿನ ತುದಿ ರಟ್ಟು ಹರಿದು ಹೊರಗೆ ಬಂದಿತ್ತು, ಮುಂದಿನ ಆಕ್ಸಲ್ ಆ ತೂತಿನಿಂದ ಎಲ್ಲೋ ಜಾರಿಹೋಗಿತ್ತು. ಮಳೆ ಇಲ್ಲದಿದ್ದರೂ ಟೇಪಿನ ತಾಪತ್ರಯ ತಪ್ಪದು. ಎಕ್ಸ್‌ರೇಯಲ್ಲಿ ಏನೋ ಕಂಡು ತೆರೆಸಿದರೆಂದರೆ ನಾವು ಹಾಕಿದ ಹತ್ತು ಸುತ್ತಿನ ಟೇಪು ಕುಯ್ದು, ಅವರು ಹಾಕುವುದು ಒಂದೇ ಸುತ್ತು.

ಇಷ್ಟಾದ ಮೇಲೆ ನನಗೆ ಬೇಕಾದ್ದು ಸ್ಪಷ್ಟವಾಯಿತು: ರಟ್ಟಿನಷ್ಟು ಹಗುರ, ನೀರು ಹಿಡಿಯಬಾರದು, ತೆರೆದವರು ಹಾಗೇ ಮುಚ್ಚುವಂತಿರಬೇಕು, ಊರು ತಲುಪಿದ ಮೇಲೆ ಮಡಚಿ ಸೈಕಲ್ ಕ್ಯಾರಿಯರ್ ಮೇಲೆ ಕಟ್ಟಿಕೊಳ್ಳುವಂತಿರಬೇಕು.

ಹಲಗೆಗೆ ಸನ್‌ಪ್ಯಾಕ್ ಶೀಟ್. ಚುನಾವಣೆಯ ಬೋರ್ಡುಗಳಿಗೆ ಬಳಸುತ್ತಾರಲ್ಲ, ಎರಡು ಪದರದ ನಡುವೆ ಟೊಳ್ಳು ಸಾಲುಗಳಿರುವ ಪ್ಲಾಸ್ಟಿಕ್, ಅದೇ. 5 ಎಂಎಂ ದಪ್ಪದ್ದು ಬೇಕು, 3 ಎಂಎಂ ಒತ್ತಿದರೆ ಮಡಚಿಕೊಳ್ಳುತ್ತದೆ. ಅಂಗಡಿಯಲ್ಲಿ ಎಂಟು ಅಡಿ-ನಾಲ್ಕು ಅಡಿ ಹಾಳೆಗೆ ಮುನ್ನೂರೈವತ್ತೋ ನಾನೂರೋ ಹೇಳಿದ. ಫಲಿತಾಂಶದ ಮರುದಿನ ನಮ್ಮ ಗಲ್ಲಿಯ ಪೆಂಡಾಲಿನವನ ಹತ್ತಿರ ಬಿಟ್ಟಿ ಸಿಕ್ಕಿತು. ಹಾಗಾಗಿ ನನ್ನ ಚೀಲದ ಒಳಗೆ ಸೋತ ಅಭ್ಯರ್ಥಿಯೊಬ್ಬನ ಅರ್ಧ ಮುಖ ಕೈಮುಗಿದುಕೊಂಡಿದೆ. ತೆರೆಸಿದ ಸೆಕ್ಯುರಿಟಿಯವನೊಬ್ಬ ಅದನ್ನು ನೋಡಿ ನಕ್ಕು, ಉಳಿದದ್ದನ್ನು ಕೆದಕದೆ ಮುಚ್ಚಿದ್ದೂ ಇದೆ. ಟೊಳ್ಳು ಸಾಲು ನಿಂತಿರಬೇಕು, ಅಂದರೆ ಮೇಲಿನಿಂದ ಕೆಳಕ್ಕೆ. ಅಡ್ಡ ಇಟ್ಟರೆ ಮೇಲೆ ಸೂಟ್‌ಕೇಸ್ ಬಿದ್ದ ಕೂಡಲೇ ಬಗ್ಗುತ್ತದೆ. ಮಡಚುವ ಕಡೆ ಹೊರ ಪದರವನ್ನಷ್ಟೇ ಬ್ಲೇಡಿನಿಂದ ಕೊಯ್ಯಿರಿ.

ಹೊರಚೀಲವನ್ನು ಧಾರಾವಿಯಲ್ಲಿ, ಶಾಲೆ ಬ್ಯಾಗ್ ಹೊಲಿಯುವ ಕಾರಿಗರರೊಬ್ಬರಿಂದ ಮಾಡಿಸಿದೆ. ಹುಮನಾಬಾದ್ ಕಡೆಯವರು. ಅಳತೆ ಹೇಳಿದಾಗ, "ಸೈಕಲ್‌ಗೂ ಅಂಗಿ ಹೊಲಸ್ತೀರೇನ್ರೀ ಸಾಹೇಬ್ರ?" ಅಂದರು. ನಾನು ಜಿಪ್ ಸಾಕು ಎಂದಿದ್ದೆ. "ಜಿಪ್ ಮುರೀತು ಅಂದ್ರ ನಿಮ್ಮ ಕತಿ ಮುಗೀತ್ರೀ, ಬಕಲ್ ಹಾಕ್ತೀನಿ, ಒಂದ್ ಹೋದ್ರ ನಾಕ್ ಇರ್ತಾವ" ಎಂದು ಅವರೇ ಐದು ಬಕಲ್ ಹಾಕಿದರು. ಹೊರಗೆ ರೆಕ್ಸಿನ್ ಹಿಂಬದಿಯ ನೈಲಾನ್ ಬಟ್ಟೆ, ತಳಕ್ಕೆ ಎರಡು ಪದರ ಟಾರ್ಪಾಲ್, ಎರಡೂ ಬದಿಗೆ ತಳದ ಸುತ್ತ ಹಾದುಬರುವ ಪಟ್ಟಿಯ ಹಿಡಿಕೆ. ಹಿಡಿಕೆ ಬಹಳ ಮುಖ್ಯ. ಹಿಡಿಯಲು ಜಾಗವಿದ್ದರೆ ಲೋಡರ್ ಎತ್ತುತ್ತಾನೆ, ಇಲ್ಲದಿದ್ದರೆ ಉರುಳಿಸುತ್ತಾನೆ. ಬಟ್ಟೆ, ಕೂಲಿ ಎಲ್ಲ ಸೇರಿ ಸಾವಿರದ ಎಂಟುನೂರರ ಆಸುಪಾಸು ಆಯಿತು. ಮೊದಲ ಚೀಲದ ತಳ ಒಂದೇ ಪದರವಿತ್ತು, ಪೆಡಲ್ ಬಳಿಯ ಚೈನ್‌ರಿಂಗ್ ಹಲ್ಲು ಅದನ್ನು ಕುಯ್ದುಹಾಕಿತು. ಅದಕ್ಕೊಂದು ಆರುನೂರು ಸೇರಿಸಿಕೊಳ್ಳಿ.

ಅಳತೆ: ಉದ್ದ 115, ಎತ್ತರ 72, ಅಗಲ 30 ಸೆಂ.ಮೀ. ಇದು 54 ಸೆಂ.ಮೀ. ಸೈಜಿನ ಫ್ರೇಮ್, 700ಸಿ ಸೈಜಿನ ಚಕ್ರಕ್ಕೆ. ಎರಡೂ ಚಕ್ರ ಬಿಚ್ಚಬೇಕು, ಫೋರ್ಕ್ ಹಿಂದಕ್ಕೆ ತಿರುಗಿಸಬೇಕು, ಸೀಟ್‌ಪೋಸ್ಟ್ ಎತ್ತರಕ್ಕೆ ಟೇಪಿನ ಗುರುತು ಹಾಕಿ ಕೀಳಬೇಕು. ಅಂಗಡಿ ಡಬ್ಬಾಕ್ಕಿಂತ ಗಿಡ್ಡ. ವ್ಯಾಗನ್‌ಆರ್‌ನ ಹಿಂದಿನ ಸೀಟಿನ ಮೇಲೆ ಅಡ್ಡಡ್ಡ ಕೂರುತ್ತದೆ, ಡಿಕ್ಕಿಯಲ್ಲಿ ಸಿಲಿಂಡರ್ ಇದ್ದರೆ ಇರಲಿ. ಬೆಳಗಿನ ಲೋಕಲ್‌ನ ಲಗೇಜ್ ಡಬ್ಬಾದಲ್ಲಿ ಘಾಟ್ಕೋಪರ್‌ವರೆಗೆ ಹೋಗಿ ಅಲ್ಲಿಂದ ಕಾರು ಹಿಡಿದರೆ ಇನ್ನೂ ಅಗ್ಗ.

ತುಂಬುವ ವಿಧಾನ ನಿಮಗೆ ಗೊತ್ತಿದೆ. ನಾನು ಬೇರೆ ಮಾಡುವುದನ್ನಷ್ಟೇ ಹೇಳುತ್ತೇನೆ. ಎಸಿ ಪೈಪಿಗೆ ಸುತ್ತುವ ಕಪ್ಪು ಸ್ಪಂಜಿನ ಕೊಳವೆ ಫ್ರೇಮಿನ ಎಲ್ಲ ಟ್ಯೂಬಿಗೂ. ಥರ್ಮಾಕೋಲ್ ಬೇಡ, ಪುಡಿಯಾಗಿ ಚಕ್ರದ ನಡುವಿನ ಹಬ್‌ಗೆ ಸೇರುತ್ತದೆ. ಫೋರ್ಕಿನ ತುದಿಗಳ ನಡುವೆ ಹೊಸ ಸೈಕಲ್ ಜೊತೆ ಬರುವ ಪ್ಲಾಸ್ಟಿಕ್ ತುಂಡು, ಅಂಗಡಿಯವರು ಎಸೆಯುವುದೇ. ಹಿಂದಿನ ತುದಿಗಳಿಗೆ ತಕ್ಕ ಉದ್ದದ ಪಿವಿಸಿ ಪೈಪ್ ತೂರಿಸಿ ಆಕ್ಸಲ್ ಬಿಗಿಯಿರಿ. ಡಿಸ್ಕ್ ಬ್ರೇಕಿನ ತಟ್ಟೆಯನ್ನು, ಅಂದರೆ ರೋಟರ್, ಬಿಚ್ಚಿ (ಆರು ಬೋಲ್ಟಿನದಾದರೆ ಟಿ25 ಕೀ) ಬೆನ್ನಚೀಲದಲ್ಲಿ ಲ್ಯಾಪ್‌ಟಾಪ್ ಪಕ್ಕ ಇಡಬೇಡಿ, ಒಮ್ಮೆ ಸೆಕ್ಯುರಿಟಿಯಲ್ಲಿ ಕಾಲು ಗಂಟೆ ಚರ್ಚೆಯಾಯಿತು. ಎರಡು ಸನ್‌ಪ್ಯಾಕ್ ತುಂಡಿನ ನಡುವೆ ಚೀಲದೊಳಗೇ ಇರಲಿ. ಹೈಡ್ರಾಲಿಕ್ ಬ್ರೇಕಿನ ಪ್ಯಾಡ್‌ಗಳ ನಡುವೆ ಏನಾದರೂ ತುರುಕದೆ ಬಿಟ್ಟರೆ ಯಾರಾದರೂ ಲಿವರ್ ಒತ್ತಿ ಪ್ಯಾಡ್ ಅಂಟಿಕೊಳ್ಳುವುದು ಖಾತ್ರಿ. ಹಿಂದಿನ ಚಕ್ರ ಫ್ರೇಮಿಗೆ ಉಜ್ಜದಂತೆ ಮೂರು ಪಟ್ಟಿಯಲ್ಲಿ ಕಟ್ಟುವ ಒಂದು ಕ್ರಮವಿದೆ. ಅದನ್ನು ಬರೆಯುವುದಿಲ್ಲ, ಭಾನುವಾರ ಮಲಂಗಡ್ ಕಡೆ ಸವಾರಿಗೆ ಬಂದವರಿಗೆ ತೋರಿಸುತ್ತೇನೆ.

ಗಾಳಿಯ ವಿಷಯ. ಸಾಮಾನು ಇಡುವ ಜಾಗದಲ್ಲೂ ಒತ್ತಡ ಕಾಯ್ದುಕೊಂಡಿರುತ್ತಾರೆ, ಟೈರಿಗೆ ಬೀಳುವ ವ್ಯತ್ಯಾಸ ನಾಲ್ಕು ಪಿಎಸ್‌ಐಗಿಂತ ಹೆಚ್ಚಿಲ್ಲ. 80 ಹಾಕಿಯೇ ಕಳಿಸಿ ನೋಡಿದೆ, ಏನೂ ಆಗಲಿಲ್ಲ. ಆದರೂ ಕೌಂಟರಿನಲ್ಲಿ "ಹವಾ ನಿಕಾಲಾ?" ಎಂದು ಕೇಳಿಯೇ ಕೇಳುತ್ತಾರೆ. ವಾದಕ್ಕಿಳಿಯದೆ ಮೂವತ್ತಕ್ಕೆ ಇಳಿಸಿ. ಪೂರ್ತಿ ತೆಗೆದರೆ ರಿಮ್ಮಿಗೆ ಆಸರೆ ಹೋಗುತ್ತದೆ. ಸಿಒ2 ಸಿಲಿಂಡರ್ ಒಯ್ದರೆ ಬಿಟ್ಟುಬರಬೇಕಾದೀತು, ಕೈಪಂಪು ಇರಲಿ. ಪವರ್‌ಬ್ಯಾಂಕ್, ಬಿಡಿ ಬ್ಯಾಟರಿ ಕೈಚೀಲಕ್ಕೆ, ಅಲೆನ್ ಕೀ ಸ್ಪ್ಯಾನರ್ ದೊಡ್ಡ ಚೀಲಕ್ಕೆ. ಇದು ಅದಲುಬದಲಾದರೆ ಎರಡೂ ಕಡೆ ಕರೆ ಬರುತ್ತದೆ.

ನಡುವೆ ಒಂದು ಹುಚ್ಚಾಟವನ್ನೂ ಮಾಡಿದೆ. ಬ್ರಿಟನ್ನಿನ ಸೈಕಲ್ ಪ್ರವಾಸಿಗರ ಸಂಘ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಚೀಲವನ್ನೇ ಮಾರುತ್ತಿತ್ತು. ಸೈಕಲ್ ಎಂದು ಕಣ್ಣಿಗೆ ಕಂಡರೆ ಅದರ ಮೇಲೆ ಯಾರೂ ಸೂಟ್‌ಕೇಸ್ ಹೇರುವುದಿಲ್ಲ ಎಂಬ ತರ್ಕ. ಮಸ್ಜಿದ್ ಬಂದರ್‌ನಿಂದ ದಪ್ಪ ಪಾಲಿಥಿನ್ ತಂದು ನಾನೂ ಹಾಗೇ ಕಟ್ಟಿದೆ. ಒಂದು ಕೌಂಟರಿನಲ್ಲಿ ತೆಗೆದುಕೊಂಡರು, ಸೈಕಲ್ ಹೂವಿನಂತೆ ಬಂತು. ವಾಪಸಿಗೆ ಅದೇ ಕಂಪನಿಯವರು "ಪ್ಯಾಕ್ ಮಾಡಿ ತನ್ನಿ" ಎಂದು ತಳ್ಳಿದರು. ಊರು ಗೊತ್ತಿಲ್ಲದ ಕಡೆ ರಾತ್ರಿ ರಟ್ಟು ಹುಡುಕುವ ಧೈರ್ಯ ನನಗಿಲ್ಲ. ಅದರಿಂದ ಉಳಿದದ್ದು ಒಂದೇ ಪಾಠ: ಚೀಲದ ಎರಡೂ ಬದಿಗೆ ಸೈಕಲ್ ಚಿತ್ರ ಬರೆಸಿದ್ದೇನೆ.

ತೂಕದ ಲೆಕ್ಕ: ಪೆಡಲ್ ಬಿಟ್ಟು ಸೈಕಲ್ ಹತ್ತೂವರೆ, ಚೀಲ ಮೂರೂವರೆ, ಪೆಡಲ್ ಮತ್ತು ಟೂಲ್ ಮುಕ್ಕಾಲು. ಹೆಲ್ಮೆಟ್, ಶೂ ಬೆನ್ನಿಗೆ. ಮನೆಯ ತೂಗುಕೊಕ್ಕೆಗೂ ಕೌಂಟರಿನ ತಕ್ಕಡಿಗೂ ಕಾಲು ಕಿಲೋ ಹೆಚ್ಚುಕಡಿಮೆ ಇದ್ದೇ ಇರುತ್ತದೆ, ಅದಕ್ಕೆ ಜಾಗ ಬಿಡಿ. ಒಡೆದರೆ ನಮ್ಮ ಹೊಣೆಯಲ್ಲ ಎಂಬ ಚೀಟಿಗೆ ಸಹಿ ಕೇಳುತ್ತಾರೆ. ಸಹಿ ಹಾಕುವ ಮುಂಚೆ ಚೀಲ ತೆರೆದಿಟ್ಟು ಫೋಟೋ ತೆಗೆದುಕೊಳ್ಳಿ.

ಕಾರ್ಬನ್ ಫ್ರೇಮ್, ಒಂದೇ ತುಂಡಿನ ಹ್ಯಾಂಡಲ್ ಇರುವವರು ನನ್ನ ಮಾತು ಕೇಳಬೇಡಿ. ಕೇಬಲ್ ಎಲ್ಲ ಒಳಗಿರುವ ಆ ಹ್ಯಾಂಡಲ್ ಬಿಚ್ಚಿ ಜೋಡಿಸುವುದಕ್ಕಿಂತ ಪೆಟ್ಟಿಗೆಯ ತೂಕಕ್ಕೆ ದುಡ್ಡು ಕೊಡುವುದೇ ಲೇಸು. 29 ಇಂಚು ಚಕ್ರದ ಎಂಟಿಬಿಗೆ (ಮೌಂಟನ್ ಬೈಕ್) ಎತ್ತರ 78 ಮಾಡಿಸಿ, ಆದರೆ 15 ಕಿಲೋದ ಆಸೆ ಬಿಡಿ.

ಉಳಿದವರು ಹೊಲಿಸುವುದಿದ್ದರೆ ಏಪ್ರಿಲ್‌ನೊಳಗೆ ಧಾರಾವಿಗೆ ಹೋಗಿ. ಮೇ ಹತ್ತಿರ ಬಂತೆಂದರೆ ಶಾಲೆ ಬ್ಯಾಗಿನ ಆರ್ಡರ್ ಸುರಿಯುತ್ತದೆ, ಒಂದು ಚೀಲಕ್ಕಾಗಿ ಯಾರೂ ಮಷಿನ್ ಬಿಟ್ಟು ಏಳುವುದಿಲ್ಲ.