ಎಣಿಕೆ ಬಾಯಿಗೆ ಬಂದರೆ ಸಾಲದು: ಪುಟ್ಟ ಮಕ್ಕಳಿಗೆ ಸಂಖ್ಯೆಯ ಮಾತು ಕಲಿಸುವುದು

ಒಂದರಿಂದ ಹತ್ತರವರೆಗೆ ಗಡಗಡ ಹೇಳುವ ಎರಡೂವರೆ ವರ್ಷದ ಮಗುವಿಗೆ ‘ಮೂರು ಚಮಚ ಕೊಡು’ ಅಂದು ನೋಡಿ. ಸಿಕ್ಕಷ್ಟನ್ನು ಬಾಚಿ ಕೊಡಬಹುದು. ಅದಕ್ಕೆ ಗೊತ್ತಿರುವುದು ಪದಗಳ ಸಾಲು ಮಾತ್ರ. ಅರ್ಥ ಒಂದೊಂದಾಗಿ ಕೂಡುತ್ತದೆ: ಮೊದಲು ‘ಒಂದು’, ಕೆಲವು ತಿಂಗಳ ಮೇಲೆ ‘ಎರಡು’, ಆಮೇಲೆ ‘ಮೂರು’. ಎಣಿಸುವಾಗ ಕೊನೆಗೆ ಹೇಳಿದ ಪದವೇ ಒಟ್ಟು ಲೆಕ್ಕ ಎಂಬುದು ಬಹಳಷ್ಟು ಮಕ್ಕಳಿಗೆ ಹೊಳೆಯುವುದು 3½–4 ವರ್ಷದ ಹೊತ್ತಿಗೆ. ನೂರರವರೆಗೆ ಬಾಯಿಪಾಠ ಮಾಡಿಸಿದ ಮಾತ್ರಕ್ಕೆ ಅದು ಬಂದುಬಿಡುವುದಿಲ್ಲ.

ಹತ್ತು ಚಮಚ ಮುಂದಿಟ್ಟು ಒಂದು ಕೊಡು, ಎರಡು ಕೊಡು, ಮೂರು ಕೊಡು ಎಂದು ಕೇಳುತ್ತಾ ಹೋಗಿ. ಎಲ್ಲಿ ತಪ್ಪುತ್ತದೋ ಆ ಸಂಖ್ಯೆಯಿಂದ ಕಲಿಕೆ ಶುರು. (ಬಾಯಿಗೆ ಹೋಗುವಷ್ಟು ಚಿಕ್ಕ ಗುಂಡಿ, ಮಣಿ ಬೇಡ.)

ಕಲಿಸಬೇಕಾದ್ದು ‘ಮೂರು’ ಎಂದುಕೊಳ್ಳೋಣ. ಮೂರು ವಸ್ತು ಕಣ್ಣೆದುರಿಗಿರುವಾಗಲೇ ಒಟ್ಟು ಲೆಕ್ಕವನ್ನು ಮೊದಲು ಹೇಳಿ, ಆಮೇಲೆ ಎಣಿಸಿ, ಮತ್ತೆ ಒಟ್ಟು ಹೇಳಿ: ‘ಮೂರು ಲೋಟ. ಒಂದು, ಎರಡು, ಮೂರು. ಒಟ್ಟು ಮೂರು.’ ಬಟ್ಟೆ ಮಡಚುವಾಗ ‘ಕಾಲುಚೀಲ ಕೊಡು’ ಎನ್ನುವ ಬದಲು ‘ಎರಡು ಕಾಲುಚೀಲ ಕೊಡು’ ಅನ್ನಿ. ಯಾವಾಗಲೂ ಲೋಟವನ್ನೇ ತೋರಿಸಿದರೆ ಮೂರು ಎಂದರೆ ಲೋಟಗಳ ಸಾಲು ಎಂದುಕೊಂಡೀತು. ಮೂರು ಚಪ್ಪಾಳೆ, ಮೂರು ಜಿಗಿತವೂ ಇರಲಿ. ಪಕ್ಕದಲ್ಲಿ ನಾಲ್ಕನ್ನಿಟ್ಟು ‘ಇದು ಮೂರಲ್ಲ, ನಾಲ್ಕು’ ಎಂದೂ ತೋರಿಸಿ. ಇದನ್ನು ಬಿಟ್ಟುಬಿಡುವವರೇ ಹೆಚ್ಚು.

ಎಣಿಕೆ ತಪ್ಪುವುದು ಹೆಚ್ಚಾಗಿ ಬೆರಳಿನಿಂದ. ಬಾಯಿ ಮುಂದೆ ಓಡಿ ಬೆರಳು ಹಿಂದುಳಿಯುತ್ತದೆ, ಇಲ್ಲವೇ ಎಣಿಸಿದ್ದನ್ನೇ ಮತ್ತೆ ಎಣಿಸುತ್ತದೆ. ವಸ್ತುಗಳನ್ನು ವೃತ್ತವಾಗಿ ಇಡದೆ ಸಾಲಾಗಿ ಇಡಿ. ಎಣಿಸಿದ್ದನ್ನು ಡಬ್ಬಿಗೆ ಹಾಕಿಸಿ. ಎಣಿಸಿ ಮುಗಿದ ಮೇಲೆ ‘ಎಷ್ಟು?’ ಎಂದರೆ ಮಗು ಮತ್ತೆ ಒಂದರಿಂದ ಶುರು ಮಾಡಿದರೆ, ಒಟ್ಟು ಎಂಬ ಅರ್ಥ ಇನ್ನೂ ಕೂಡಿಲ್ಲ. ಗದರಬೇಡಿ, ಒಟ್ಟನ್ನು ನೀವೇ ಹೇಳಿ.

ಕನ್ನಡದ ತೊಡಕುಗಳೂ ಇವೆ. ವಸ್ತುವಿಗೆ ಎರಡು, ಮೂರು. ಮನುಷ್ಯರಿಗೆ ಇಬ್ಬರು, ಮೂವರು. ‘ಎರಡು ಅಕ್ಕ’ ಎಂದರೆ ‘ಹೌದು, ಇಬ್ಬರು ಅಕ್ಕಂದಿರು’ ಎಂದು ಮಾತಿನಲ್ಲೇ ತಿದ್ದಿ. ‘ಮೂರು ಮೆಟ್ಟಿಲು’, ‘ಮೂರನೇ ಮೆಟ್ಟಿಲು’ ಬೇರೆ ಎಂದು ತಿಳಿಸಲು ಹತ್ತಿ ನಿಂತೇ ತೋರಿಸಬೇಕು. ಹದಿಮೂರರಲ್ಲಿ ಮೂರು ಕೇಳಿಸುತ್ತದೆ, ಹಿಡಿದುಕೊಳ್ಳುವುದು ಸುಲಭ. ಎಪ್ಪತ್ತು–ಎಂಬತ್ತು, ಒಂಬತ್ತು–ತೊಂಬತ್ತು ಕಲಸಿಹೋಗುತ್ತವೆ. ಅವುಗಳಿಗೆ ಈಗಲೇ ಅವಸರವಿಲ್ಲ.

‘ಅರ್ಧ’ ಎಂದರೆ ಯಾವುದೋ ಒಂದು ತುಂಡು ಎಂದು ಮಗು ತಿಳಿಯುವುದುಂಟು. ಕಾಗದವನ್ನು ಅಂಚಿಗೆ ಅಂಚು ಕೂಡಿಸಿ ಮಡಚಿ, ಎರಡೂ ಭಾಗ ಸಮ ಎಂದು ತೋರಿಸಿ. ‘ಹೆಚ್ಚು–ಕಡಿಮೆ’ಯಲ್ಲಿ ಇನ್ನೊಂದು ಮೋಸವಿದೆ: ಐದೈದು ಚಮಚಗಳ ಎರಡು ಸಾಲಿನಲ್ಲಿ ಒಂದನ್ನು ದೂರದೂರ ಹರಡಿದರೆ ಅದರಲ್ಲೇ ಹೆಚ್ಚಿದೆ ಎನ್ನುತ್ತದೆ. ಒಂದಕ್ಕೊಂದು ಜೋಡಿ ಮಾಡಿಸಿ. ‘ಸೊನ್ನೆ’ಗೆ ಖಾಲಿ ಡಬ್ಬಿ ಸಾಕು: ಎರಡಿತ್ತು, ಒಂದು ತೆಗೆದೆವು, ಇನ್ನೊಂದೂ ತೆಗೆದೆವು, ಈಗ ಒಂದೂ ಇಲ್ಲ.