ಮಸುಕು ಗೆಲಾಕ್ಸಿಗಳ ಕೆಂಪು ಪಲ್ಲಟ: ನಾನು ದೋಷ ತಿದ್ದಿದ ಬಗೆ

ಸ್ಲೋನ್ ಡಿಜಿಟಲ್ ಸ್ಕೈ ಸರ್ವೆ ಎಂಬ ಆಕಾಶ ಸಮೀಕ್ಷೆಯ 5 ಫಿಲ್ಟರ್‌ಗಳ ಅಳತೆಗಳಿಂದ ಗೆಲಾಕ್ಸಿಗಳ ಕೆಂಪು ಪಲ್ಲಟವನ್ನು (ಬೆಳಕು ಕೆಂಪಿನತ್ತ ಸರಿದಿರುವ ಪ್ರಮಾಣ; ಗೆಲಾಕ್ಸಿ ದೂರವಿದ್ದಷ್ಟೂ ಹೆಚ್ಚು) ಅಂದಾಜಿಸಲು ನಾನು ತರಬೇತಿ ನೀಡಿದ್ದ ರ‍್ಯಾಂಡಮ್ ಫಾರೆಸ್ಟ್ ಮಾದರಿಯು (ಅನೇಕ ನಿರ್ಧಾರ ಮರಗಳ ಉತ್ತರಗಳ ಸರಾಸರಿ ತೆಗೆಯುವ ಯಂತ್ರಕಲಿಕೆಯ ವಿಧಾನ) ಪರೀಕ್ಷೆಯಲ್ಲಿ ಚೆನ್ನಾಗಿಯೇ ಉತ್ತರಿಸಿದರೂ, ಮಸುಕಾದ ಗೆಲಾಕ್ಸಿಗಳನ್ನು ಮಾತ್ರ ನಿಜಕ್ಕಿಂತ ಬಹಳ ಹತ್ತಿರದಲ್ಲಿ ಇರಿಸುತ್ತಿತ್ತು. ಮರಗಳ ಸಂಖ್ಯೆಯನ್ನು ಹೆಚ್ಚಿಸಿ ನೋಡಿದೆ; ಪ್ರಯೋಜನವಾಗಲಿಲ್ಲ. ದೋಷವಿದ್ದದ್ದು ದತ್ತಾಂಶದಲ್ಲಿ. ತರಬೇತಿಗೆ ಬಳಸಿದ್ದ ಮುಖ್ಯ ಗೆಲಾಕ್ಸಿ ಗುಂಪಿನಲ್ಲಿ ಆರ್ ಫಿಲ್ಟರ್‌ನ ಕಾಂತಿಮಾನ (ಹೊಳಪಿನ ಅಳತೆ; ಸಂಖ್ಯೆ ಕಡಿಮೆಯಾದಷ್ಟೂ ಹೊಳಪು ಹೆಚ್ಚು) 17.77ಕ್ಕಿಂತ ಪ್ರಕಾಶಮಾನವಾದವು ಮಾತ್ರ ಇದ್ದವು, ಮತ್ತು ಈ ವಿಧಾನವು ತಾನು ಕಂಡ ಗರಿಷ್ಠ ಪಲ್ಲಟವನ್ನು ಮೀರಿ ಊಹಿಸಲಾರದು. ಆದ್ದರಿಂದ ಇನ್ನೂ ಆಳಕ್ಕೆ ನೋಡಿದ ಡೀಪ್2 ಎಂಬ ರೋಹಿತ ಸಮೀಕ್ಷೆಯ (ಬೆಳಕನ್ನು ಬಣ್ಣಗಳಾಗಿ ಬಿಡಿಸಿ ಪಲ್ಲಟವನ್ನು ನೇರವಾಗಿ ಅಳೆದದ್ದು) ಗೆಲಾಕ್ಸಿಗಳನ್ನು ಸ್ಲೋನ್ ಅಳತೆಗಳಿಗೆ ಹೊಂದಿಸಿ ತರಬೇತಿಗೆ ಸೇರಿಸಿದೆ. ಬಣ್ಣ ಮತ್ತು ಕಾಂತಿಮಾನಗಳಲ್ಲಿ ಪಲ್ಲಟ ಅಂದಾಜಿಸಬೇಕಾದ ಗೆಲಾಕ್ಸಿಗಳು ಎಷ್ಟು ದಟ್ಟವಾಗಿವೆಯೋ ಅದಕ್ಕೆ ತಕ್ಕಂತೆ ತರಬೇತಿಯ ಪ್ರತಿಯೊಂದು ಗೆಲಾಕ್ಸಿಗೂ ತೂಕ ಕೊಟ್ಟೆ. ಮಸುಕಾದವನ್ನು ಹತ್ತಿರಕ್ಕೆ ಇರಿಸುವ ವಾಲಿಕೆ ಬಹುಮಟ್ಟಿಗೆ ಇಳಿಯಿತು. ತರಬೇತಿಯಲ್ಲಿ ಬಣ್ಣ, ಕಾಂತಿಮಾನಗಳಲ್ಲಿ ಹೋಲುವ ಜೊತೆಯೇ ಸಿಗದ ಗೆಲಾಕ್ಸಿಗಳನ್ನು, ಮನಸ್ಸಿಲ್ಲದಿದ್ದರೂ, ಪಟ್ಟಿಯಿಂದ ಕೈಬಿಟ್ಟೆ.